ಅದು ಹೆಚ್ಚಾದ ಪ್ರೀತಿಯೇ?

ಓದುಗರೇ, ನಿಮ್ಮ ಮನೆಯಲ್ಲಿ ಹದಿನೈದು-ಹದಿನಾರರ ಮಗಳಿದ್ದರೆ, ರಕ್ತ ಹೀರುವ ಪ್ರೇತವೊಂದರ ಪ್ರೇಮಕಥೆ ಈಗಾಗಲೇ ಪುಸ್ತಕವಾಗಿಯೋ ಮೊಬೈಲಿನ ಮೂಲಕವೋ ನಿಮ್ಮ ಹೊಸ್ತಿಲು ದಾಟಿರಬಹುದು. ತಾಯಂದಿರು ಕೇಳುವ ಮೊದಲ ಪ್ರಶ್ನೆ, ಇಂಥದನ್ನು ಓದಬಹುದೇ ಓದಬಾರದೇ ಎಂಬುದು. ಅದು ಸಣ್ಣ ಪ್ರಶ್ನೆಯಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಈ ಕಥೆಗಳು ಯಾವುದನ್ನು ಪ್ರೀತಿ ಎಂದು ಕರೆಯುತ್ತಿವೆ? ಮತ್ತು ನಾವು, ನಮ್ಮ ಮನೆಗಳಲ್ಲಿ, ಯಾವುದನ್ನು ಆ ಹೆಸರಿನಿಂದ ಕರೆಯುತ್ತೇವೆ?

ಈ ಕಥೆಗಳಿಗೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಿದೆ. 1819ರಲ್ಲಿ ಜಾನ್ ಪೊಲಿಡೊರಿ ಎಂಬ ವೈದ್ಯ ಬರೆದ ಕಥೆಯಲ್ಲಿ ರಕ್ತಪಿಪಾಸು ಒಬ್ಬ ಕುಲೀನ, ಶ್ರೀಮಂತ ಯಜಮಾನ. 1872ರಲ್ಲಿ ಲೆ ಫಾನು ಬರೆದ ಕಥೆಯಲ್ಲಿ ಆ ಪ್ರೇತ ಗೆಳತಿಯ ರೂಪದಲ್ಲಿ ಬರುತ್ತದೆ. 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ 'ಡ್ರಾಕುಲಾ' ಎಲ್ಲರಿಗೂ ಗೊತ್ತು. ಈ ಮೂರರಲ್ಲೂ ಪ್ರೇತವು ಪ್ರೇತವೇ. ಓದುವವನು ಹೆದರಬೇಕು, ಸಿಕ್ಕಿಬಿದ್ದವಳ ಬಗ್ಗೆ ಮರುಗಬೇಕು. ಆದರೆ 2005ರಲ್ಲಿ ಅಮೆರಿಕದ ಲೇಖಕಿ ಸ್ಟೆಫೆನಿ ಮೆಯರ್ ಆರಂಭಿಸಿದ 'ಟ್ವಿಲೈಟ್' ಕಾದಂಬರಿಗಳ ಹೊತ್ತಿಗೆ ಅದೇ ಪ್ರೇತ ಮದುಮಗನಾಗಿಬಿಟ್ಟಿತು. ಅವನು ಹುಡುಗಿಗೆ ತಿಳಿಯದಂತೆ ಅವಳ ಕೋಣೆಯೊಳಗೆ ಬಂದು ನಿದ್ರಿಸುವ ಅವಳನ್ನು ನೋಡುತ್ತಾನೆ. ಅವಳು ಗೆಳೆಯನ ಮನೆಗೆ ಹೋಗದಂತೆ ಅವಳ ಗಾಡಿಯನ್ನು ಕೆಡಿಸುತ್ತಾನೆ. ಇದನ್ನೇ ಹಳೆಯ ಕಥೆ ಹೇಳಿದ್ದರೆ ನಾವು ಬೆಚ್ಚಿಬೀಳುತ್ತಿದ್ದೆವು. ಈಗ ಓದುವ ಹುಡುಗಿ ನಿಟ್ಟುಸಿರು ಬಿಟ್ಟು, 'ಎಷ್ಟೊಂದು ಪ್ರೀತಿ!' ಎನ್ನುತ್ತಾಳೆ.

ಇದು ಪಶ್ಚಿಮದ ಹಾವಳಿ, ನಮಗೇನು ಸಂಬಂಧ ಎಂದು ಕೈತೊಳೆದುಕೊಳ್ಳುವವರಿಗೆ ವಿಜಯಪುರದ ಎರಡು ಗೋರಿಗಳ ಕಥೆ ಹೇಳಬೇಕು.

ಗೋಲಗುಮ್ಮಟದ ಕೆಳಗೆ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿಯ ಹತ್ತಿರವೇ ರಂಭಾ ಎಂಬ ನರ್ತಕಿಯ ಸಮಾಧಿಯೂ ಇದೆ. ಜನ ಹೇಳುವ ಕಥೆ ಹೀಗಿದೆ: ನನ್ನ ಮೇಲೆ ನಿನಗೆ ನಿಜವಾಗಿ ಪ್ರೀತಿಯಿದ್ದರೆ ಇಲ್ಲಿಂದ ಜಿಗಿ ಎಂದು ಸುಲ್ತಾನ ಗುಮ್ಮಟದ ಮೇಲೆ ನಿಂತು ಹೇಳಿದನಂತೆ, ಆಕೆ ಜಿಗಿದೇಬಿಟ್ಟಳಂತೆ. ಇನ್ನೊಂದು, ನಗರದ ಪಶ್ಚಿಮಕ್ಕಿರುವ ಸಾಠ್ ಕಬರ್. ಒಂದೇ ಕಟ್ಟೆಯ ಮೇಲೆ ಸಾಲುಸಾಲಾಗಿ, ಒಂದರ ಪಕ್ಕದಲ್ಲೊಂದು, ಒಂದೇ ಅಚ್ಚಿನ ಅರವತ್ತಕ್ಕೂ ಮಿಕ್ಕಿದ ಗೋರಿಗಳು. ಮೇಲ್ಭಾಗ ಚಪ್ಪಟೆಯಾಗಿರುವುದರಿಂದ ಅವು ಹೆಂಗಸರವು ಎಂದು ಗುರುತಿಸುತ್ತಾರೆ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಸೇನಾನಿ ಅಫ್ಜಲ್ ಖಾನ್‌ಗೆ, ನೀನು ಮರಳಿ ಬರುವುದಿಲ್ಲ ಎಂದು ಜ್ಯೋತಿಷಿಯೊಬ್ಬ ಹೇಳಿದನಂತೆ. ತಾನು ಸತ್ತ ಮೇಲೆ ತನ್ನ ಹೆಂಡಂದಿರು ಮತ್ತೊಬ್ಬರ ಪಾಲಾಗಬಾರದೆಂದು ಅವನು ಅರವತ್ತಮೂರು ಮಂದಿಯನ್ನೂ ಬಾವಿಗೆ ತಳ್ಳಿಸಿ ಹೊರಟನಂತೆ.

ಕಲ್ಲುಗಳು ನಿಜ, ಕಥೆ ಬಾಯಿಂದ ಬಾಯಿಗೆ ಬಂದದ್ದು. ಸತ್ತವರ ಮೇಲೆ ಸಾಕ್ಷ್ಯವಿಲ್ಲದೆ ಕೊಲೆಯ ಆರೋಪ ಹೊರಿಸುವುದು ನಮಗೆ ಸಲ್ಲದು. ಅದರಲ್ಲೂ ಆ ಹೆಸರನ್ನು ಎಳೆದಾಡುವವರು ಈಗಾಗಲೇ ಬೇಕಾದಷ್ಟಿದ್ದಾರೆ. ಆದರೆ ಒಂದು ಮಾತನ್ನು ಗಮನಿಸಿ. ಈ ಎರಡೂ ಕಥೆಗಳನ್ನು ನಮ್ಮವರು ಹೇಳುವಾಗ ದನಿ ಹೇಗಿರುತ್ತದೆ? 'ಅಷ್ಟು ಪ್ರೀತಿ ಇತ್ತಂತೆ, ಬಿಟ್ಟುಕೊಡಲು ಮನಸ್ಸಾಗಲಿಲ್ಲವಂತೆ.' ರಂಭಾಳ ಸಾವನ್ನು ಪ್ರೇಮದ ದೃಷ್ಟಾಂತವೆಂದೇ ಹೇಳುತ್ತಾರೆ. ಜಿಗಿ ಎಂದವನನ್ನು ಯಾರೂ ಏನೂ ಕೇಳುವುದಿಲ್ಲ.

ಇಲ್ಲಿಯೇ ನಮ್ಮ ಪ್ರಶ್ನೆ ಇರುವುದು. ಸಂಶಯ, ಹಿಡಿತ, ಹೊಡೆತ ಇವೆಲ್ಲ ಪ್ರೀತಿ ಅತಿಯಾದಾಗ ಹುಟ್ಟುವ ದೋಷಗಳೆಂದು ನಾವು ನಂಬಿದ್ದೇವೆ. ಊಟಕ್ಕೆ ಉಪ್ಪು ಹೆಚ್ಚಾದ ಹಾಗೆ. ಆದುದರಿಂದಲೇ ತವರಿಗೆ ಬಂದು ಅಳುವ ಮಗಳಿಗೆ, 'ಅವನಿಗೆ ನಿನ್ನ ಮೇಲೆ ಜೀವ ಮಗಾ, ಅದಕ್ಕೇ ಹಾಗಾಡ್ತಾನ' ಎಂದು ಸಮಾಧಾನ ಹೇಳುತ್ತೇವೆ. ಆದರೆ ಯೋಚಿಸಿ ನೋಡಿ. ಯಾವುದೇ ವಸ್ತು ಹೆಚ್ಚಾದರೆ ಅದರ ಸ್ವಭಾವವೇ ಹೆಚ್ಚಾಗಬೇಕಲ್ಲವೇ? ಪ್ರೀತಿಯ ಸ್ವಭಾವ ಮತ್ತೊಬ್ಬರ ಹಿತವನ್ನು ಬಯಸುವುದು. ಪ್ರೀತಿ ಹೆಚ್ಚಿದರೆ ಅವಳ ನೆಮ್ಮದಿ, ಅವಳ ಆರೋಗ್ಯ, ಅವಳ ನಗು ಹೆಚ್ಚಬೇಕು. ಇಲ್ಲಿ ಹೆಚ್ಚಿದ್ದು ಅವನ ಹಿಡಿತ, ಬತ್ತಿದ್ದು ಅವಳು. ಹಾಗಾದರೆ ಅದು ಹೆಚ್ಚಾದ ಪ್ರೀತಿ ಹೇಗಾದೀತು? ಅದು ಬೇರೆಯೇ ವಸ್ತು, ಒಡೆತನದ ಹಸಿವು. ಉಪ್ಪಿನ ಡಬ್ಬಿಯಲ್ಲಿಟ್ಟ ಸುಣ್ಣವನ್ನು ಯಾರೂ ಉಪ್ಪು ಎನ್ನುವುದಿಲ್ಲ.

ನಿಜವಾಗಿ ಹೆಚ್ಚಾದ ಪ್ರೀತಿ ಹೇಗಿರುತ್ತದೆಂಬುದನ್ನು ನೋಡಬೇಕಿದ್ದರೆ ಮದೀನಾದ ಬೀದಿಗೆ ಹೋಗೋಣ. ಬರೀರಾ(ರ) ದಾಸ್ಯದಿಂದ ಬಿಡುಗಡೆ ಹೊಂದಿದಾಗ, ದಾಸನಾಗಿಯೇ ಉಳಿದಿದ್ದ ಪತಿ ಮುಗೀಸ್‌ರೊಂದಿಗೆ(ರ) ಬಾಳುವ ಅಥವಾ ಬಿಡುವ ಹಕ್ಕು ಆಕೆಗೆ ದೊರೆಯಿತು. ಆಕೆ ಬಿಡುವುದನ್ನು ಆರಿಸಿಕೊಂಡರು. ಮುಗೀಸ್ ಆಕೆಯ ಹಿಂದೆ ಬೀದಿ ಬೀದಿ ಅಲೆದರು, ಕಣ್ಣೀರು ಗಡ್ಡದ ಮೇಲೆ ಹರಿಯುತ್ತಿತ್ತು. ಪ್ರವಾದಿವರ್ಯರಿಗೇ(ಸ) ಮರುಕವುಂಟಾಯಿತು. ಅವನ ಬಳಿಗೆ ಮರಳಬಾರದೇ ಎಂದು ಬರೀರಾರನ್ನು ಕೇಳಿದರು. ಇದು ತಮ್ಮ ಆಜ್ಞೆಯೇ ಎಂದು ಆಕೆ ಕೇಳಿದರು. ಅಲ್ಲ, ಬರೀ ಶಿಫಾರಸು ಎಂದರು. ಹಾಗಿದ್ದರೆ ನನಗೆ ಅವರ ಅಗತ್ಯವಿಲ್ಲ ಎಂದು ಆಕೆ ಹೇಳಿದರು. ಮಾತು ಅಲ್ಲಿಗೆ ಮುಗಿಯಿತು. ಸಹೀಹ್ ಬುಖಾರಿಯಲ್ಲಿರುವ ಈ ವರದಿಯನ್ನು ನಾವು ನಿಕಾಹ್‌ನ ಭಾಷಣಗಳಲ್ಲಿ ಯಾಕೆ ಕೇಳುವುದಿಲ್ಲವೋ ತಿಳಿಯದು. ಅಳುವ ಗಂಡಿನ ಪ್ರೀತಿಯನ್ನು ಯಾರೂ ಸುಳ್ಳೆನ್ನಲಿಲ್ಲ. ಆದರೆ ಆ ಪ್ರೀತಿಗಾಗಿ ಬೇಡವೆಂದವಳನ್ನು ಯಾರೂ ಎಳೆದು ತರಲೂ ಇಲ್ಲ. ಅಲ್ಲಾಹನ ಸಂದೇಶವಾಹಕರ ಶಿಫಾರಸಿನ ಮುಂದೆಯೂ ಹೆಣ್ಣಿನ 'ಇಲ್ಲ' ನಿಂತಿತು. ಮುಗೀಸ್ ಅತ್ತರು, ಆಕೆಯ ಮೇಲೆ ಕೈ ಎತ್ತಲಿಲ್ಲ.

'ಹಾಗಾದರೆ ಗೈರತ್ ಬೇಡವೇ? ತನ್ನ ಮನೆಯವರ ಮಾನದ ಬಗ್ಗೆ ಗಂಡಸಿಗೆ ಕಾಳಜಿ ಇರಬಾರದೇ?' ಎಂದು ಕೆಲವರು ಕೇಳುತ್ತಾರೆ. ಇರಲೇಬೇಕು. ಆದರೆ ಗೈರತ್ ಅವಳ ಮಾನವನ್ನು ಕಾಯುತ್ತದೆ. ಅದು ಮೊದಲು ತನ್ನ ಕಣ್ಣನ್ನು ತಗ್ಗಿಸುವಂತೆ ಗಂಡಸಿಗೇ ಹೇಳುತ್ತದೆ. ತಾನು ಯಾವ ಮಿತಿಗೂ ಒಳಪಡದೆ ಹೆಂಡತಿಯ ಫೋನನ್ನು ದಿನಾ ಪರೀಕ್ಷಿಸುವವನು, ಅವಳನ್ನು ಅಕ್ಕತಂಗಿಯರ ಮನೆಗೂ ಕಳಿಸದವನು, ನಾಲ್ಕು ಜನರ ಮುಂದೆ ಅವಳ ಮಾನ ಕಳೆಯುವವನು ಕಾಯುತ್ತಿರುವುದು ಯಾರ ಮಾನವನ್ನು?

ಹಳೆಯ ಪ್ರೇತಕಥೆಗಳಿಂದ ಕಲಿಯಬೇಕಾದ ಎರಡು ಸಂಗತಿಗಳಿವೆ ಎಂದರೆ ನೀವು ನಗಬಹುದು. ಸ್ಟೋಕರನ ಪ್ರೇತ ತಾನಾಗಿ ಯಾವ ಮನೆಗೂ ನುಗ್ಗಲಾರದು. ಮನೆಯವರಲ್ಲಿ ಯಾರಾದರೂ ಮೊದಲ ಸಲ ಒಳಗೆ ಕರೆಯಬೇಕು. ನಮ್ಮಲ್ಲಿ ಕರೆಯುವವರು ಯಾರು? ಟಿಕೋಟಾದ ಕಡೆಯಿಂದ ಸಂಬಂಧ ಬಂದರೆ ದ್ರಾಕ್ಷಿ ತೋಟ ಎಷ್ಟೆಕರೆ, ಬೋರಿನಲ್ಲಿ ನೀರಿದೆಯೇ, ಈ ಸಲ ಒಣದ್ರಾಕ್ಷಿ ಎಷ್ಟಾಯಿತು ಎಂದು ವಿಚಾರಿಸುತ್ತೇವೆ. ಬಬಲೇಶ್ವರದ ಹುಡುಗನಾದರೆ ಸ್ವಂತ ಮನೆಯೋ ಬಾಡಿಗೆಯೋ ಎಂದು ಕೇಳುತ್ತೇವೆ. ಸಿಟ್ಟು ಬಂದಾಗ ಅವನು ತಾಯಿಯೊಂದಿಗೆ ಹೇಗೆ ಮಾತಾಡುತ್ತಾನೆ, ತೋಟದ ಆಳಿನ ಕೂಲಿಯನ್ನು ದಿನಕ್ಕೆ ಸರಿಯಾಗಿ ಕೊಡುತ್ತಾನೆಯೇ ಎಂದು ಕೇಳುವವರು ಕಡಿಮೆ. ಕೈಕೆಳಗಿನವರನ್ನು ಅವನು ನಡೆಸಿಕೊಳ್ಳುವ ರೀತಿಯೇ ನಾಳೆ ನಿಮ್ಮ ಮಗಳನ್ನು ನಡೆಸಿಕೊಳ್ಳುವ ರೀತಿ.

ಇನ್ನೊಂದು ಸಂಗತಿ ಹೆಚ್ಚು ಕಹಿಯಾದದ್ದು. ಆ ಕಾದಂಬರಿಯಲ್ಲಿ ಪ್ರೇತ ಕಚ್ಚಿದ ಲೂಸಿ ಎಂಬ ಹುಡುಗಿ ಸತ್ತು ತಾನೇ ಪ್ರೇತವಾಗಿ ಮಕ್ಕಳನ್ನು ಕಚ್ಚತೊಡಗುತ್ತಾಳೆ. ನೊಂದವಳೇ ನೋಯಿಸುತ್ತಾಳೆ. ಅತ್ತೆಯ ಕಾಟದ ಕಥೆ ಯಾವ ಊರಲ್ಲಿಲ್ಲ? ಸೊಸೆಯ ಬಂಗಾರವನ್ನು ಅಡವಿಡಿಸುವ, ತವರಿನ ಹಾದಿಯನ್ನು ಮುಚ್ಚಿಸುವ ಆ ಅತ್ತೆಯೂ ಒಂದು ಕಾಲದಲ್ಲಿ ಅದೇ ಮನೆಯಲ್ಲಿ ಬಾಗಿಲ ಮರೆಯಲ್ಲಿ ನಿಂತು ಅತ್ತವಳೇ. 'ನಾನು ಸಹಿಸಿಕೊಂಡೆ, ನೀನೂ ಸಹಿಸು' ಎಂಬುದು ಅವಳ ವಾದ. ಇದಕ್ಕೆ ಸಬ್ರ್ ಎಂಬ ಪವಿತ್ರ ಹೆಸರನ್ನೂ ಕೊಡುತ್ತೇವೆ. ಕಾಯಿಲೆ, ಬಡತನ, ಬರಗಾಲ ಇವುಗಳ ಮುಂದೆ ಸಬ್ರ್ ಮಾಡಬೇಕು. ಆದರೆ ಝುಲ್ಮ್ ನಡೆಯುವಾಗ ಮೊದಲ ಕರ್ತವ್ಯ ಝಾಲಿಮನ ಕೈ ಹಿಡಿಯುವುದು. ಆ ಕರ್ತವ್ಯ ಹೊಡೆತ ತಿನ್ನುವವಳದಲ್ಲ, ಸುತ್ತ ಇರುವ ನಮ್ಮದು.

ದಾಂಪತ್ಯದ ಬಗ್ಗೆ ಪವಿತ್ರ ಕುರ್‌ಆನ್ ಅರ್ರೂಮ್ ಅಧ್ಯಾಯದ 21ನೇ ಸೂಕ್ತದಲ್ಲಿ ಹೇಳುವುದು ನೆಮ್ಮದಿ, ಒಲವು ಮತ್ತು ಕರುಣೆಯ ವಿಷಯ. ಅಲ್‌ಬಕರದ 231ನೇ ಸೂಕ್ತ, ಹಿಂಸಿಸುವುದಕ್ಕಾಗಿ ಹೆಂಡತಿಯನ್ನು ಹಿಡಿದಿಟ್ಟುಕೊಳ್ಳುವುದನ್ನು ಹೆಸರಿಟ್ಟು ತಡೆಯುತ್ತದೆ. ಸಾಬಿತ್ ಬಿನ್ ಕೈಸ್‌ರ(ರ) ಪತ್ನಿ ತಮ್ಮ ಗಂಡನ ನಡತೆಯಲ್ಲಾಗಲಿ ಧರ್ಮದಲ್ಲಾಗಲಿ ಕುಂದಿಲ್ಲವೆಂದು ಹೇಳಿಕೊಂಡೇ ಬಂದಿದ್ದರು. ಆದರೂ ಮಹ್ರ್ ಆಗಿ ಪಡೆದ ತೋಟವನ್ನು ಮರಳಿಸಿ ಬಿಡುಗಡೆ ಹೊಂದಲು ಪ್ರವಾದಿವರ್ಯರು(ಸ) ಅವಕಾಶ ಮಾಡಿಕೊಟ್ಟರು. ನೆಲದ ಕಾನೂನೂ ಈ ವಿಷಯದಲ್ಲಿ ಮೂಕವಾಗಿಲ್ಲ. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆ, ಮೈಮೇಲೆ ಕೈಮಾಡದಿದ್ದರೂ ಕ್ರೂರ ನಡತೆಯಿಂದ ಬಾಳನ್ನು ದುಸ್ತರಗೊಳಿಸುವುದನ್ನು ಕ್ರೌರ್ಯವೆಂದೇ ಎಣಿಸುತ್ತದೆ. ಹೆಂಡತಿಯ ಆಸ್ತಿಯನ್ನು ಪರಭಾರೆ ಮಾಡುವುದನ್ನೂ ಹಾಗೆಯೇ. ಮನೆಯೊಳಗಿನ ದೌರ್ಜನ್ಯದಿಂದ ರಕ್ಷಣೆ ನೀಡುವ 2005ರ ಕಾಯ್ದೆ ಬೈಗುಳ, ಅವಮಾನ, ಹಣ ಕಸಿಯುವುದು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ಮಗಳು ಹೇಳುವುದನ್ನು ನಂಬಲು ಮೈಮೇಲಿನ ಬಾಸುಂಡೆಗಾಗಿ ಕಾಯುವ ತಂದೆಗಿಂತ ಈ ಕಾಯ್ದೆಗಳಿಗೇ ಹೆಚ್ಚು ಕರುಣೆಯಿದೆ ಎನ್ನಬೇಕಾಗಿದೆ.

ಇನ್ನು ಪುಸ್ತಕದ ವಿಷಯ. ಮಗಳ ಕೈಯಿಂದ ಅದನ್ನು ಕಸಿದುಕೊಂಡರೆ ಅವಳು ಕೊನೆಯ ಪುಟವನ್ನು ಬೇರೆಡೆ ಓದಿಕೊಳ್ಳುತ್ತಾಳೆ, ಅಷ್ಟೇ. ಅದರ ಬದಲು, ಇಶಾ ನಮಾಝಿನ ಬಳಿಕ ಪಕ್ಕದಲ್ಲಿ ಕುಳಿತು, ಆ ಹುಡುಗನ ಯಾವ ಗುಣ ನಿನಗೆ ಇಷ್ಟವಾಯಿತು ಎಂದು ಕೇಳಿ. ಅವನಿಗೆ ಸಿಟ್ಟು ಬಂದ ದಿನ ಅವಳು ಯಾರ ಮನೆಗೆ ಹೋಗಬಲ್ಲಳು ಎಂದೂ ಕೇಳಿ. ಅವಳು ಉತ್ತರಿಸಲು ತಡಮಾಡಿದರೆ ಅವಸರಪಡಿಸಬೇಡಿ. ಮತ್ತು ಆ ಪ್ರಶ್ನೆಯನ್ನು ತಿರುಗಿಸಿ, 'ಅಮ್ಮೀ, ನನಗೆ ಹಾಗಾದರೆ ನಾನು ಇಲ್ಲಿಗೆ ಬರಬಹುದಾ?' ಎಂದು ಅವಳೇ ಕೇಳಿದರೆ ಏನು ಹೇಳಬೇಕೆಂಬುದನ್ನು ಅವಳ ಅಬ್ಬಾನೊಂದಿಗೆ ಮೊದಲೇ ಮಾತಾಡಿಟ್ಟುಕೊಳ್ಳಿ.