ಲೆಕ್ಕ ಮಾಡುವುದು, ಲೆಕ್ಕ ಕೊಡುವುದು

‘ಕಂಪ್ಯೂಟರ್’ ಎಂಬ ಇಂಗ್ಲಿಷ್ ಮಾತು ಈಗ ನಮ್ಮ ಮನೆಮಾತೇ ಆಗಿಹೋಗಿದೆ. “ನಾನೇನು ಮಾಡಲಿ ಸ್ವಾಮಿ, ಕಂಪ್ಯೂಟರಿನಲ್ಲಿ ಹೀಗೇ ಬರುತ್ತಿದೆ” ಎಂದು ಗುಮಾಸ್ತರು ಹೇಳಿಬಿಟ್ಟರೆ ನಾವು ಮರುಮಾತಾಡದೆ ಹಿಂದಿರುಗುತ್ತೇವೆ. ಈ ಮೌನ ಎಷ್ಟರಮಟ್ಟಿಗೆ ಸರಿ ಎಂಬುದೇ ನನ್ನ ಪ್ರಶ್ನೆ.

ಈ ಪದ ಯಂತ್ರಕ್ಕಿಂತ ಬಹಳ ಹಳೆಯದು. 1613ರ ಒಂದು ಇಂಗ್ಲಿಷ್ ಪುಸ್ತಕದಲ್ಲಿಯೇ ಅದು ಕಾಣಿಸಿಕೊಂಡಿದೆ. ಅಲ್ಲಿ ಅದರ ಅರ್ಥ ಲೆಕ್ಕ ಹಾಕುವ ಮನುಷ್ಯ. ಮುಂದೆ ಮುನ್ನೂರು ವರ್ಷ ಅದೇ ಅರ್ಥ ನಡೆಯಿತು. ನಮ್ಮ ‘ಗಣಕ’ನೂ ಹಿಂದೆ ಮನುಷ್ಯನೇ, ಯಂತ್ರವಾದದ್ದು ಇತ್ತೀಚೆಗೆ. ಇಂಗ್ಲಿಷ್ ಪದಕ್ಕೆ ಮೂಲವಾದ ಲ್ಯಾಟಿನ್ ಧಾತುವಿಗೆ ಕೊಂಬೆ ಸವರು, ಲೆಕ್ಕ ಹಾಕು, ಯೋಚಿಸು ಎಂಬ ಅರ್ಥಗಳೆಲ್ಲ ಉಂಟು. ಕನ್ನಡದ ‘ಎಣಿಸು’ ಕೂಡ ಹಾಗೆಯೇ ಅಲ್ಲವೆ? ಹಣವನ್ನೂ ಎಣಿಸುತ್ತೇವೆ, ಮನಸ್ಸಿನಲ್ಲಿಯೂ ಎಣಿಸುತ್ತೇವೆ. ಎಣಿಕೆಯನ್ನೂ ವಿವೇಚನೆಯನ್ನೂ ಹಿಂದಿನವರು ಒಂದೇ ಮಾತಿನಲ್ಲಿ ಕಟ್ಟಿಟ್ಟಿದ್ದರು.

ಇದಕ್ಕೆ ಒಂದು ನಿದರ್ಶನ ನಮ್ಮ ದೇಶದಲ್ಲಿಯೇ ಇದೆ. 1831ರಲ್ಲಿ ರಾಧಾನಾಥ ಸಿಕ್ದಾರರೆಂಬ ಬಂಗಾಳಿ ತರುಣರು ಭಾರತದ ಮಹಾ ತ್ರಿಕೋನಮಿತಿ ಸರ್ವೆಯನ್ನು ಸೇರಿದರು. ಅವರ ಹುದ್ದೆಯ ಹೆಸರೇ ‘ಕಂಪ್ಯೂಟರ್’. ಆಗ ಹದಿನೈದನೆಯ ಶಿಖರ ಎಂದಷ್ಟೇ ಹೆಸರಿದ್ದ ಎವರೆಸ್ಟಿನ ಎತ್ತರವನ್ನು 1852ರ ಸುಮಾರಿಗೆ ಗಣಿಸಿದ ಕೀರ್ತಿ ಅವರಿಗೆ ಸಲ್ಲುತ್ತದೆ. 1856ರಲ್ಲಿ ಪ್ರಕಟವಾದ ಆ ಅಂಕಿ 29,002 ಅಡಿ. ನನಗೆ ಅದಕ್ಕಿಂತ ಹಿರಿದಾಗಿ ಕಾಣುವುದು 1843ರ ಸಂಗತಿ. ಸರ್ವೆಯ ಕೂಲಿಯಾಳುಗಳನ್ನು ಒಬ್ಬ ಬ್ರಿಟಿಷ್ ಮ್ಯಾಜಿಸ್ಟ್ರೇಟರು ಅಕ್ರಮವಾಗಿ ದುಡಿಸಿಕೊಂಡಾಗ ಸಿಕ್ದಾರರು ಎದುರು ನಿಂತರು. 200 ರೂಪಾಯಿ ಜುಲ್ಮಾನೆ ತೆತ್ತರು. ಯಾರೂ ಲೆಕ್ಕಕ್ಕಿಡದ ಜನರನ್ನು ಆ ‘ಕಂಪ್ಯೂಟರ್’ ಲೆಕ್ಕಕ್ಕಿಟ್ಟಿತು.

ಇದರ ಪಕ್ಕದಲ್ಲಿ ಇಂಗ್ಲಿಷರ ನಾಡಿನಲ್ಲೇ ನಡೆದ ಇನ್ನೊಂದು ಕಥೆಯನ್ನು ಇಟ್ಟು ನೋಡೋಣ. ಬ್ರಿಟನ್ನಿನ ಅಂಚೆಕಚೇರಿಗಳಲ್ಲಿ 1999ರಿಂದ ‘ಹೊರೈಜನ್’ ಎಂಬ ಕಂಪ್ಯೂಟರ್ ವ್ಯವಸ್ಥೆ ಲೆಕ್ಕ ಇಡತೊಡಗಿತು. ಶಾಖೆಗಳಲ್ಲಿ ಹಣ ಕಡಮೆಯಾಗಿದೆಯೆಂದು ಅದು ತೋರಿಸಿತು. ಹಣ ಹೋಗಿರಲಿಲ್ಲ, ಲೆಕ್ಕ ತಪ್ಪಿತ್ತು. ಪೋಸ್ಟ್‌ಮಾಸ್ತರರು ಕೈಯಿಂದ ಹಣ ಕಟ್ಟಿದರು, ಮನೆಮಠ ಕಳೆದುಕೊಂಡರು, ಕೆಲವರು ಸೆರೆಮನೆಗೂ ಹೋದರು. 2015ರೊಳಗೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ವ್ಯವಸ್ಥೆಯಲ್ಲಿ ದೋಷಗಳಿದ್ದುವೆಂದು ಲಂಡನ್ನಿನ ಹೈಕೋರ್ಟು ಹೇಳಿದ್ದು 2019ರಲ್ಲಿ. ಪಾರ್ಲಿಮೆಂಟು ಕಾನೂನು ಮಾಡಿ ನೂರಾರು ತೀರ್ಪುಗಳನ್ನು ಒಟ್ಟಿಗೆ ರದ್ದುಪಡಿಸಿದ್ದು 2024ರಲ್ಲಿ.

ಯಂತ್ರವನ್ನು ದೂರುವುದು ನನ್ನ ಉದ್ದೇಶವಲ್ಲ. ಶಾನುಭೋಗರ ಕಾಲದಲ್ಲಿ ಲೆಕ್ಕ ತಪ್ಪುತ್ತಲೇ ಇರಲಿಲ್ಲವೆಂದು ಯಾರು ತಾನೆ ಹೇಳಿಯಾರು? ಆದರೆ ಲೆಕ್ಕ ಬರೆದವನು ಮನುಷ್ಯನಾಗಿದ್ದಾಗ ಅವನು ತಪ್ಪಿರಬಹುದೆಂಬ ಸಂಶಯ ಎಲ್ಲರಿಗೂ ಸಹಜವಾಗಿತ್ತು. ಯಂತ್ರ ಬಂದಮೇಲೆ ಆ ಸಂಶಯವೆಲ್ಲ ಎದುರಿಗಿದ್ದ ಮನುಷ್ಯನ ಕಡೆಗೆ ತಿರುಗಿತು. ಇಪ್ಪತ್ತು ವರ್ಷ ಕೌಂಟರಿನಲ್ಲಿ ಕುಳಿತು ಊರಿನ ವಿಶ್ವಾಸ ಗಳಿಸಿದವರ ಮಾತಿಗಿಂತ ಒಂದು ಅಂಕಿಗೆ ಬೆಲೆ ಹೆಚ್ಚಾಯಿತು. ಅಂಕಿ ಹಾಗೆ ಕೇಳಲಿಲ್ಲ. ಮನುಷ್ಯರು ಅದಕ್ಕೆ ಆ ಬೆಲೆ ಕೊಟ್ಟರು.

ನಮ್ಮ ಭಾಷೆಯಲ್ಲಿ ಮೂರು ಮಾತುಗಳಿವೆ: ಲೆಕ್ಕ ಮಾಡುವುದು, ಲೆಕ್ಕ ಕೊಡುವುದು, ಲೆಕ್ಕಕ್ಕಿಡುವುದು. ಮೊದಲನೆಯದನ್ನು ಯಂತ್ರಕ್ಕೆ ಒಪ್ಪಿಸಿದರೆ ನಷ್ಟವೇನೂ ಇಲ್ಲ, ಲಾಭವೇ ಉಂಟು. ಲೆಕ್ಕ ಕೊಡುವುದೆಂದರೆ ಇನ್ನೊಬ್ಬನ ಎದುರು ನಿಂತು ಉತ್ತರ ಹೇಳುವುದು. ಲೆಕ್ಕಕ್ಕಿಡುವುದೆಂದರೆ ಅವನೂ ಒಬ್ಬ ಮನುಷ್ಯನೆಂದು ಕಾಣುವುದು. ಈ ಎರಡನ್ನು ಒಪ್ಪಿಸಲು ನಮಗೆ ಅಧಿಕಾರವಿಲ್ಲ. ‘ಕಂಪ್ಯೂಟರ್’ ಎಂಬ ಹೆಸರನ್ನು ನಾವು ಯಂತ್ರಕ್ಕೆ ಬಿಟ್ಟುಕೊಟ್ಟದ್ದಾಯಿತು. ಆ ಹೆಸರಿನ ಜೊತೆಗಿದ್ದ ಹೊಣೆ ಮಾತ್ರ ಇನ್ನೂ ನಮ್ಮ ಮೇಲೆಯೇ ಇದೆ.