ಜಾಡು ಬಿಟ್ಟ ನಡಿಗೆ

ತಿಪಟೂರು ಸೀಮೆಯಲ್ಲಿ ಬೆಟ್ಟಕ್ಕೆ ಹೊರಟೆನೆಂದರೆ ಮೊದಲು ಬರುವ ಪ್ರಶ್ನೆ, "ಯಾವ್ ದೇವ್ರೈತೆ ಮೇಲೆ?" ಹತ್ಯಾಳು ಬೆಟ್ಟವಾದರೆ ನರಸಿಂಹಸ್ವಾಮಿ ಅನ್ನಬಹುದು. ಮುಳ್ಳಯ್ಯನಗಿರಿಯಾದರೆ ಮುಳ್ಳಪ್ಪಸ್ವಾಮಿ. ಹಿಮಾಚಲದ ಯಾವುದೋ ಹೆಸರಿಲ್ಲದ ಹಿಮದ ಕೋಡಾದರೆ ಬಾಯಿ ಕಟ್ಟುತ್ತದೆ. ದೇವರೂ ಇಲ್ಲದ, ದಾರಿಯೂ ಇಲ್ಲದ ಕಡೆಗೆ ಗಂಟು ಹೊತ್ತು ದಿನಗಟ್ಟಲೆ ನಡೆಯುವವನನ್ನು ಊರು ಅನುಮಾನದಿಂದ ನೋಡಿದರೆ ಅದರಲ್ಲಿ ತಪ್ಪೇನೂ ಇಲ್ಲ.

*

ತೆಂಗಿನ ತೋಟದಲ್ಲಿ ಬೆಳೆದ ಕಣ್ಣಿಗೆ ಸಾಲಿನ ಚಾಳಿ. ಮೂವತ್ತು ಅಡಿಗೊಂದು ಮರ, ಸಾಲಿನ ಕೊನೆಗೆ ಬದು, ಬದುವಿನಾಚೆ ದಾಯಾದಿ. ಜಾಡಿಲ್ಲದ ಬೆಟ್ಟದಲ್ಲಿ ಮೊದಮೊದಲು ಕಣ್ಣು ಆ ಸಾಲನ್ನೇ ಹುಡುಕುತ್ತದೆ. ಆಮೇಲೆ ಅದನ್ನು ಬಿಟ್ಟು ನೀರು ಹುಡುಕಲು ಕಲಿಯುತ್ತದೆ. ಬೋರ್‌ವೆಲ್ ಬತ್ತಿದ ಸೀಮೆಯವರು ಈ ಪಾಠವನ್ನು ಬೇರೆಯವರಿಗಿಂತ ಬೇಗ ಕಲಿಯುತ್ತಾರೆ.

*

ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನ ಕಲ್ಲಿಗೆ 250 ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು. ಭಾರತದ ಭೂಖಂಡ ಏಷ್ಯಾಕ್ಕೆ ಗುದ್ದಿ ಹಿಮಾಲಯ ಏಳತೊಡಗಿದ್ದು ಸುಮಾರು 5 ಕೋಟಿ ವರ್ಷದ ಹಿಂದೆ. ಎತ್ತರವೆಂಬುದು ಪರ್ವತದ ಹರೆಯ. ಸವೆದು ಕುಳ್ಳಾಗಿ, ಮೈಮೇಲೆ ಕುರಿ ಮೇಯಲು ಬಿಟ್ಟು ಕೂತಿರುವುದು ಅದರ ಹಿರಿತನ.

*

ಆ ಹಿರಿಯನ ಹೊಟ್ಟೆಯಲ್ಲಿ ಕಬ್ಬಿಣವಿತ್ತು, ಮ್ಯಾಂಗನೀಸ್ ಇತ್ತು. ಮಳೆಗಾಳಿ ಕೋಟ್ಯಂತರ ವರ್ಷ ಮಾಡಲಾಗದ್ದನ್ನು ಅಗೆಯುವ ಯಂತ್ರಗಳು ಕೆಲವೇ ವರ್ಷಗಳಲ್ಲಿ ಮಾಡಿದವು. 2011ರಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಅದಿರು ಗಣಿಗಾರಿಕೆಗೆ ತಡೆ ಹಾಕಿತು. ಜಾಡಿಲ್ಲದ ಬೆಟ್ಟ ಬೇಕೆಂದು ಎರಡು ಸಾವಿರ ಕಿಲೋಮೀಟರ್ ರೈಲಿನಲ್ಲಿ ಹೋಗುವವನು, ತನ್ನ ಊರ ಬೆಟ್ಟದ ಮೇಲೆ ಲಾರಿಗಳು ಜಾಡು ಮಾಡುವಾಗ ಎಲ್ಲಿದ್ದ? ಯಾರಾದರೂ ಕೇಳಬಹುದು. ಕೇಳಬೇಕು.

*

"ಬೇಕಾಗಬಹುದು" ಅನ್ನುವುದಕ್ಕಿಂತ ಭಾರವಾದ ವಸ್ತು ಚೀಲದಲ್ಲಿ ಇನ್ನೊಂದಿಲ್ಲ.

*

ಮುಳ್ಳಯ್ಯನಗಿರಿ ನಮ್ಮ ರಾಜ್ಯದ ತುತ್ತತುದಿ, ಸುಮಾರು 1,930 ಮೀಟರ್. ಮನಾಲಿ ಪೇಟೆ ಕೂತಿರುವುದೇ 2,050 ಮೀಟರಿನ ಆಸುಪಾಸು. ನಮ್ಮ ಎತ್ತರವೆಲ್ಲ ಮುಗಿದ ಮೇಲೆ ಅವರ ಬಸ್ ನಿಲ್ದಾಣ. ಇದು ತನಗಾದ ಅವಮಾನ ಅಂದುಕೊಂಡವನು ಮೊದಲ ದಿನ ಓಡುತ್ತಾನೆ, ಎರಡನೆಯ ದಿನ ತಲೆ ಹಿಡಿದುಕೊಂಡು ಮಲಗುತ್ತಾನೆ.

*

ಗಾಳಿಯಲ್ಲಿ ಆಮ್ಲಜನಕದ ಪಾಲು ತುರುವೇಕೆರೆಯಲ್ಲೂ ನೂರಕ್ಕೆ 21, ಐದೂವರೆ ಸಾವಿರ ಮೀಟರಿನಲ್ಲೂ ನೂರಕ್ಕೆ 21. ಕಮ್ಮಿಯಾಗುವುದು ಒತ್ತಡ, ಆ ಎತ್ತರದಲ್ಲಿ ಅದು ಸಮುದ್ರಮಟ್ಟದ ಅರ್ಧಕ್ಕೆ ಬಂದಿರುತ್ತದೆ. ಒಂದು ಉಸಿರಿಗೆ ದಕ್ಕುತ್ತಿದ್ದುದಕ್ಕೆ ಎರಡು ಉಸಿರು ಬೇಕು. ಹೊಂದಿಕೊಳ್ಳಲು ದೇಹ ಒಪ್ಪುತ್ತದೆ, ಆದರೆ ಅವಸರಕ್ಕೆ ಒಪ್ಪುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎಂಬುದು ವೈದ್ಯರ ಲೆಕ್ಕ. ಹಗಲು ಎಷ್ಟು ಹತ್ತಿದೆ ಎಂದು ದೇಹ ಕೇಳುವುದಿಲ್ಲ, ರಾತ್ರಿ ಎಲ್ಲಿ ಮಲಗಿದೆ ಎಂದು ಕೇಳುತ್ತದೆ.

ಗಟ್ಟಿಮುಟ್ಟಾದವರಿಗೆ ಎತ್ತರದ ಕಾಯಿಲೆ ಬರುವುದಿಲ್ಲವೆಂಬ ಮಾತು ಸುಳ್ಳು. ಗಟ್ಟಿಮುಟ್ಟಾದವರು ಬಂದದ್ದನ್ನು ಹೇಳಿಕೊಳ್ಳುವುದಿಲ್ಲ, ಅಷ್ಟೆ. ಶ್ವಾಸಕೋಶದಲ್ಲಿ ನೀರು ತುಂಬತೊಡಗಿದರೆ ನಂಬಿಕೆಯ ಮದ್ದು ಇಳಿಯುವುದೊಂದೇ. ಬೆಳಗಾಗಲಿ ನೋಡೋಣ ಅಂದವರಲ್ಲಿ ಕೆಲವರು ಬೆಳಗು ಕಂಡಿಲ್ಲ.

*

ಕುದಿಯುವ ನೀರು ಬೇಯಿಸುತ್ತದೆ ಎಂಬ ನಂಬಿಕೆ ತಗ್ಗಿನವರದು. 5,000 ಮೀಟರಿನಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ. ಬೇಳೆ ಗಂಟೆಗಟ್ಟಲೆ ಕುಣಿಯುತ್ತದೆ, ಬೇಯುವುದಿಲ್ಲ. ಮೊದಲ ಸಲ ಹೋದವರು ಬೇಳೆ ಹೊರುತ್ತಾರೆ. ಎರಡನೆಯ ಸಲ ಅವಲಕ್ಕಿ ಹೊರುತ್ತಾರೆ.

*

ನಮ್ಮ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು, ಒಳಗೇ ಒಣಗಿ, ಅಲುಗಿಸಿದರೆ ಗುಡುಗುಡು ಎನ್ನುವ ಉಂಡೆ ಕೊಬ್ಬರಿ ಬೆಟ್ಟಕ್ಕೆಂದೇ ಹುಟ್ಟಿದ ಬುತ್ತಿ. 100 ಗ್ರಾಂಗೆ 660 ಕ್ಯಾಲೊರಿಯ ಆಸುಪಾಸು. ಅಷ್ಟೇ ಶಕ್ತಿಗೆ ಅಕ್ಕಿಯಾದರೆ ಹೆಚ್ಚುಕಡಿಮೆ ಎರಡರಷ್ಟು ಹೊರಬೇಕು, ಮೇಲೆ ಬೇಯಿಸುವ ಗ್ಯಾಸು ಬೇರೆ. ಆದರೆ ಎತ್ತರ ಏರಿದಂತೆ ಕೊಬ್ಬರಿ ಬಾಯಿಗೆ ಬೇಡವಾಗುತ್ತದೆ. ಕೊಬ್ಬನ್ನು ಉರಿಸಲು ದೇಹಕ್ಕೆ ಹೆಚ್ಚು ಆಮ್ಲಜನಕ ಬೇಕು, ಸಕ್ಕರೆ ಪಿಷ್ಟಗಳಿಗೆ ಅಷ್ಟು ಬೇಡ. ನಾಲಿಗೆ ಈ ಲೆಕ್ಕವನ್ನು ಪುಸ್ತಕ ಓದದೆ ಮಾಡಿ ಮುಗಿಸಿರುತ್ತದೆ. ತಳದ ಶಿಬಿರದವರೆಗೆ ಕೊಬ್ಬರಿ, ಅಲ್ಲಿಂದ ಮೇಲೆ ಬೆಲ್ಲ. ಅಜ್ಜಿ ಎರಡನ್ನೂ ಜೊತೆಗೇ ಕಟ್ಟಿಕೊಡುತ್ತಿದ್ದಳು.

*

ಪೇಟೆಯವರು ಜಾಡಿಲ್ಲದ ಬೆಟ್ಟ ಅನ್ನುವುದು ಬಹಳ ಸಲ ಯಾವನೋ ಕುರಿಗಾಹಿಯ ಹಿತ್ತಿಲು.

ಧೌಲಾಧಾರ್ ಸಾಲಿನ ಇಂದ್ರಹಾರ್ ಕಣಿವೆದಾರಿ 4,342 ಮೀಟರ್ ಎತ್ತರದಲ್ಲಿದೆ. ಅದನ್ನು ದಾಟಿ ಬಂದವರು ಸಾಹಸ ಮಾಡಿದೆವೆಂದು ಸರ್ಟಿಫಿಕೇಟು ಪಡೆಯುತ್ತಾರೆ. ಕಾಂಗ್ಡಾ, ಚಂಬಾಗಳ ನಡುವೆ ಅದೇ ದಾರಿಯಲ್ಲಿ ಗದ್ದಿ ಜನ ತಲೆಮಾರುಗಳಿಂದ ಕುರಿಮೇಕೆಗಳ ಹಿಂದೆ, ಕೂಸುಮರಿ ಎತ್ತಿಕೊಂಡು ಓಡಾಡಿದ್ದಾರೆ. ಮೈಮೇಲೆ ಉಣ್ಣೆಯ ಚೋಲಾ, ಸೊಂಟಕ್ಕೆ ಸುತ್ತು ಸುತ್ತಾಗಿ ಕಟ್ಟಿದ ಉಣ್ಣೆಯ ಹಗ್ಗ. ಹುಳಿಯಾರು, ಕಂದಿಕೆರೆ ಕಡೆಯ ಗುಡ್ಡದಲ್ಲಿ ಕಂಬಳಿ ಹೊದ್ದು ನಿಂತವರನ್ನು ಕಂಡವನಿಗೆ ಆ ವೇಷ ಹೊಸದೆನಿಸದು. ನಕ್ಷೆಯಲ್ಲಿ ಗೆರೆ ಇಲ್ಲದ ಕಡೆ ಕುರಿಹಿಕ್ಕೆ ಕಂಡರೆ ನೆಮ್ಮದಿಯಾಗಿ ನಡೆಯಿರಿ. ಮುಂದೆ ಎಲ್ಲೋ ನೀರಿದೆ, ಮಲಗಲು ಮಟ್ಟಸ ನೆಲವಿದೆ.

*

ಮೋಜಿಗಾಗಿ ಬೆಟ್ಟ ಹತ್ತುವುದು ಶುರುವಾಗುವ ಮೊದಲು ಕೆಲಸಕ್ಕಾಗಿ ಹತ್ತಿದವರಿದ್ದರು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಭೂಮಾಪನ ಶುರುಮಾಡಿ, ಮೈಸೂರು ಸೀಮೆಯ ಬೆಟ್ಟದ ನೆತ್ತಿಯಿಂದ ನೆತ್ತಿಗೆ ತ್ರಿಕೋನಗಳನ್ನು ಹೆಣೆಯುತ್ತ ಪಡುವಣ ಕರಾವಳಿ ಮುಟ್ಟಿದ. ಕೋನ ಅಳೆಯುವ ಅವನ ಥಿಯೊಡೊಲೈಟ್ ಅರ್ಧ ಟನ್ ತೂಕದ್ದು. ಅದನ್ನು ಹೊತ್ತವರು ನೆತ್ತಿಗೆ ಹೋದದ್ದು ನೋಟ ಸವಿಯಲಲ್ಲ. ಆ ತ್ರಿಕೋನಗಳ ಬಲೆ ಹಬ್ಬುತ್ತ ಉತ್ತರಕ್ಕೆ ಹೋಗಿ, ಭೂಮಾಪನ ಇಲಾಖೆಯ ರಾಧಾನಾಥ ಸಿಕ್ದಾರ್ ಕೂಡಿ ಕಳೆದು ಗುಣಿಸಿ, 1856ರಲ್ಲಿ 15ನೇ ಶಿಖರ ಎಂಬ ಗುರುತಿನ ಬೆಟ್ಟ 29,002 ಅಡಿ ಎಂದು ಪ್ರಕಟವಾಯಿತು. ಶಿಖರಕ್ಕೆ ಆ ಇಲಾಖೆಯ ಹಿಂದಿನ ಮುಖ್ಯಸ್ಥ ಎವರೆಸ್ಟ್‌ನ ಹೆಸರು ಬಂತು. ಲೆಕ್ಕ ಹಾಕಿದವನ ಹೆಸರೂ ಬರಲಿಲ್ಲ, ಹೊತ್ತವರ ಹೆಸರೂ ಬರಲಿಲ್ಲ.

*

ಹಿಮಾಲಯದ ನಂದಾದೇವಿ ಶಿಖರದ ಸುತ್ತ ಪರ್ವತಗಳದೇ ಕೋಟೆ. ಒಳಗಿನ ಹುಲ್ಲುಗಾವಲಿಗೆ ದಾರಿ ಕಾಣದೆ ಎಷ್ಟೋ ತಂಡಗಳು ಹಿಂದಿರುಗಿದ್ದವು. 1934ರಲ್ಲಿ ಐದೇ ಜನ ಋಷಿಗಂಗೆಯ ಕೊರಕಲು ಹಿಡಿದು ಒಳಹೊಕ್ಕರು. ಎರಿಕ್ ಶಿಪ್ಟನ್, ಬಿಲ್ ಟಿಲ್ಮನ್ ಎಂಬ ಇಬ್ಬರನ್ನು ಎಲ್ಲರೂ ನೆನೆಯುತ್ತಾರೆ. ಅಂಗ್ ಥರ್ಕೆ, ಪಸಂಗ್, ಕುಸಂಗ್ ಎಂಬ ಮೂವರು ಶೆರ್ಪಾಗಳನ್ನು ನೆನೆಯಲು ಸ್ವಲ್ಪ ಹುಡುಕಬೇಕು. ಮುಳ್ಳಯ್ಯನಗಿರಿಯಷ್ಟೂ ಪರಿಚಯವಿಲ್ಲದ ಆ ಜಾಗದ ಕಥೆ ನನಗೆ ಇಷ್ಟವಾಗುವುದು ಒಂದೇ ಕಾರಣಕ್ಕೆ. ಅವರು ಕೂಲಿಗಳ ದಂಡು ಕಟ್ಟಲಿಲ್ಲ, ಬೇಕಾದ್ದನ್ನು ಕಡಿಮೆ ಮಾಡಿಕೊಂಡರು. ದಂಡು ಹೋದರೆ ದಂಡಿನ ಹೊಟ್ಟೆಗೂ ದಾರಿ ಮಾಡಬೇಕು.

*

ಭೂಪಟದಲ್ಲಿ ಎರಡು ಸಮೋನ್ನತ ರೇಖೆಗಳ ನಡುವಿನ ಎತ್ತರದ ಅಂತರ 20 ಮೀಟರ್ ಎಂದಿಟ್ಟುಕೊಳ್ಳಿ. ಹದಿನೈದು ಮೀಟರಿನ ಕಡಿದಾದ ಬಂಡೆಗೋಡೆ ಆ ಎರಡು ಗೆರೆಗಳ ನಡುವೆ ಹಾಯಾಗಿ ಅವಿತು ಕೂರಬಹುದು. ನಕ್ಷೆ ಸುಳ್ಳು ಹೇಳಿರುವುದಿಲ್ಲ. ನಾವು ಕೇಳಿದ್ದಕ್ಕೆ ಅದರ ಹತ್ತಿರ ಉತ್ತರವಿಲ್ಲ.

*

ಗಂಟೆಗೆ ಮೂರು ಮೈಲಿ, ಏರಿನ ಪ್ರತಿ ಎರಡು ಸಾವಿರ ಅಡಿಗೆ ಇನ್ನೊಂದು ಗಂಟೆ ಸೇರಿಸಿ ಎಂದು ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲಿ ಸೂತ್ರ ಬರೆದ. ಉರುಳುಗಲ್ಲಿನ ರಾಶಿಯ ಮೇಲೆ ಒಂದು ಮೈಲಿಗೆ ಮೂರು ಗಂಟೆ ಹಿಡಿದಾಗ ಆ ಸೂತ್ರವನ್ನು ಬಯ್ಯಬೇಡಿ. ಅದು ಜಾಡಿದ್ದ ಕಾಲಿನದು.

*

ಹಿಮನದಿಯಿಂದ ಬರುವ ಹಳ್ಳ ಬೆಳಗ್ಗೆ ಮೊಣಕಾಲುದ್ದ, ಮಧ್ಯಾಹ್ನ ಸೊಂಟದುದ್ದ. ಬಿಸಿಲು ಏರಿದಂತೆ ಮೇಲೆ ಹಿಮ ಕರಗುತ್ತದೆ, ಒಂದೆರಡು ತಾಸಿನ ಮೇಲೆ ಕೆಳಗೆ ನೀರು ಏರುತ್ತದೆ. ಮೋಡವೇ ಇಲ್ಲದೆ ಹಳ್ಳ ಬರುವುದನ್ನು ನಮ್ಮ ಸುವರ್ಣಮುಖಿ ಹೊಳೆಯ ಸೀಮೆಯವರು ನಂಬುವುದು ಕಷ್ಟ. ಸಂಜೆ ಎದುರಾದ ಹಳ್ಳವನ್ನು ದಾಟದೆ ಈಚೆಯೇ ಡೇರೆ ಹಾಕಿ ಮಲಗುವವನು ಸೋಮಾರಿಯಲ್ಲ. ಅವನಿಗೆ ನಾಳೆ ಬೆಳಗಿನ ಮೇಲೆ ವಿಶ್ವಾಸವಿದೆ.

*

ಹಿಮದ ಇಳಿಜಾರೂ ಹಾಗೇ. ನಡುರಾತ್ರಿ ಕಳೆದು ಒಂದು ಎರಡಕ್ಕೆ ಹೊರಡುವುದು ವೀರಾವೇಶಕ್ಕಲ್ಲ. ರಾತ್ರಿ ಹೆಪ್ಪುಗಟ್ಟಿದ ಮೇಲ್ಮೈ ಬಿಸಿಲಿಗೆ ಮೆತ್ತಗಾಗುವ ಮುನ್ನ ಹೋಗಿ ಬಂದುಬಿಡಬೇಕು. ಕಲ್ಲುಗಳನ್ನು ಹಿಡಿದುಕೊಂಡಿರುವುದೂ ಅದೇ ಹೆಪ್ಪು.

*

ಐದನೆಯ ದಿನಕ್ಕೆ ಜೊತೆಗಾರನ ತತ್ವಜ್ಞಾನದಲ್ಲಿ ತಪ್ಪು ಕಾಣುವುದಿಲ್ಲ. ಅವನು ತಟ್ಟೆಗೆ ಚಮಚ ಬಡಿಯುವ ರೀತಿಯಲ್ಲಿ ಕಾಣುತ್ತದೆ. ಎಷ್ಟೋ ಗೆಳೆತನ ಹಿಮಪಾತಕ್ಕೆ ಉಳಿದು ಚಮಚಕ್ಕೆ ಬಿದ್ದಿವೆ.

*

ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದರೂ ತಿರುಗುವುದು ಎಂದು ಡೇರೆಯಲ್ಲಿ ಒಪ್ಪಿಕೊಂಡಿದ್ದನ್ನು ಶಿಖರದ ಬುಡದಲ್ಲಿ ಮತ್ತೆ ಚರ್ಚೆಗೆ ತರಬಾರದು. ಅಲ್ಲಿ ವಾದ ಮಾಡುವ ತಲೆಗೆ ಆಮ್ಲಜನಕ ಸಾಲದು.

*

ಆಲ್ಪ್ಸ್ ಪರ್ವತದ ಮ್ಯಾಟರ್‌ಹಾರ್ನ್ ಶಿಖರವನ್ನು 1865ರಲ್ಲಿ ಮೊದಲ ಸಲ ಮುಟ್ಟಿದವರು ಏಳು ಜನ. ಇಳಿಯುವಾಗ ಒಬ್ಬ ಜಾರಿದ, ನಾಲ್ವರು ಸತ್ತರು. ನಡುವಿನ ಹಗ್ಗ ತುಂಡಾಗಿದ್ದರಿಂದ ಮೂವರು ಉಳಿದರು. ಶಿಖರ ದಾರಿಯ ಅರ್ಧ ಎಂಬುದನ್ನು ಬೆಟ್ಟ ಹತ್ತುವವರು ಬಾಯಿಪಾಠ ಮಾಡಿರುತ್ತಾರೆ, ಕಾಲಿಗೆ ಮಾತ್ರ ಹೇಳಿರುವುದಿಲ್ಲ.

*

ನಮ್ಮಲ್ಲಿ ಅರವತ್ತು ಅಡಿ ತೆಂಗಿನ ಮರ ಏರಿ, ಕಾಯಿ ಕೆಡವಿ, ಇಳಿದು, ಪಕ್ಕದ ಮರಕ್ಕೆ ಹೋಗುವ ಆಳಿಗೆ ಮರದ ಲೆಕ್ಕದಲ್ಲಿ ಕೂಲಿ. ಹಾರ ತುರಾಯಿ ಇಲ್ಲ. ಮರವನ್ನು ಗೆದ್ದೆ ಎಂದು ಅವನು ಹೇಳಿದ್ದನ್ನು ಯಾರೂ ಕೇಳಿಲ್ಲ. ಪತ್ರಿಕೆಯ ತಲೆಬರಹಗಳಲ್ಲಿ ಶಿಖರಗಳನ್ನು ಗೆಲ್ಲುವವರು ಒಮ್ಮೆ ಅವನ ಜೊತೆ ಎಳನೀರು ಕುಡಿಯಬೇಕು.

*

1955ರಲ್ಲಿ ಜಾರ್ಜ್ ಬ್ಯಾಂಡ್, ಜೋ ಬ್ರೌನ್ 8,586 ಮೀಟರಿನ ಕಾಂಚನಜುಂಗಾವನ್ನು ಮೊದಲ ಸಲ ಏರಿ, ತುದಿಗೆ ಕೆಲವೇ ಅಡಿ ಇದ್ದಂತೆ ನಿಂತರು. ಆ ತುದಿ ಸಿಕ್ಕಿಮಿನವರಿಗೆ ದೈವ, ಮೆಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದರು. ಆಮೇಲೆ ಹೋದವರಲ್ಲಿ ಎಷ್ಟೋ ಮಂದಿ ಆ ಮಾತನ್ನು ನಡೆಸಿಕೊಂಡು ಬಂದರು. ಮೇಲೆ ಯಾವ ದೇವರಿದೆ ಎಂದು ಕೇಳುವ ನಮ್ಮೂರ ಮುದುಕರು ಇದನ್ನು ಕೂಡಲೇ ಒಪ್ಪುತ್ತಾರೆ. ಅಷ್ಟು ದುಡ್ಡು ಸುರಿದು ಕೊನೆಯ ಹೆಜ್ಜೆ ಬಿಡುವುದೇ ಎಂದು ಕೇಳುವವರು ಅವರ ಮೊಮ್ಮಕ್ಕಳು.

*

ಜಾಡು ಬಿಡುವುದು ಎಲ್ಲ ಕಡೆಯೂ ಸದ್ಗುಣವಲ್ಲ. ಬಂಡೆಯ ಮೇಲೆ, ಹಿಮದ ಮೇಲೆ ಹೆಜ್ಜೆ ಉಳಿಯುವುದಿಲ್ಲ. ಮುಳ್ಳಯ್ಯನಗಿರಿ, ಕುಮಾರಪರ್ವತಗಳ ಶೋಲಾ ಹುಲ್ಲುಗಾವಲಿನಲ್ಲಿ ಉಳಿಯುತ್ತದೆ. ಹತ್ತು ಜನ ಅಡ್ಡದಾರಿ ಹಿಡಿದರೆ ಮುಂದಿನ ಮುಂಗಾರು ಅದನ್ನು ಕೊರಕಲು ಮಾಡುತ್ತದೆ. 2024ರ ಜನವರಿಯ ರಜೆಯಲ್ಲಿ ಕುಮಾರಪರ್ವತಕ್ಕೆ ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಮುಂಗಡ ಬುಕಿಂಗ್ ಮತ್ತು ದಿನದ ಮಿತಿ ತಂದಿತು. ಒಳ್ಳೆಯದೇ ಆಯಿತು. ಲಡಾಖಿನ ಸ್ಟೋಕ್ ಕಾಂಗ್ರಿಗೆ ಆ ಯೋಗ ತಡವಾಗಿ ಬಂತು. 6,153 ಮೀಟರಿನ ಆ ಶಿಖರ ಸುಲಭವೆಂದು ಹೆಸರಾಗಿ, ಕೆಳಗಿನ ಊರಿನ ನೀರೇ ಕೆಡುವಷ್ಟು ಜನ ಹತ್ತಿ, 2020ರಿಂದ ಅದನ್ನು ಮುಚ್ಚಬೇಕಾಯಿತು. ಹಳ್ಳಿಯವರಿಗೆ ನೀರು ಬೇಕಿತ್ತು, ಹತ್ತುವವರಿಗೆ ಆರು ಸಾವಿರದ ಅಂಕಿ ಬೇಕಿತ್ತು.

*

ತಯಾರಿಗೆ ಮನಾಲಿ ಬೇಕಿಲ್ಲ. ತಿಪಟೂರು ಇರುವುದೇ ಸುಮಾರು 860 ಮೀಟರಿನಲ್ಲಿ, ಮದಲಿಂಗನ ಕಣಿವೆಯ ಆಸುಪಾಸಿನ ಗುಡ್ಡಗಳು ಅಲ್ಲಿಂದ ಒಂದಿಷ್ಟು ಮೇಲೆ. ಅನುಮತಿ ಇರುವ ಕಡೆ, ಹತ್ತು ಹನ್ನೆರಡು ಕಿಲೋ ಬೆನ್ನಿಗೆ ಹಾಕಿಕೊಂಡು ಹತ್ತಿ. ಹತ್ತುವುದಕ್ಕಿಂತ ಇಳಿಯುವುದನ್ನೇ ಹೆಚ್ಚು ಅಭ್ಯಾಸ ಮಾಡಿ, ಮೊಣಕಾಲು ಹೋಗುವುದು ಅಲ್ಲೇ. ನೀರು ಎಲ್ಲಿದೆ ಎಂದು ಫೋನನ್ನು ಕೇಳುವ ಮೊದಲು ಕುರಿ ಬಿಟ್ಟುಕೊಂಡು ಕೂತವರನ್ನು ಕೇಳಿ. "ಅಣ್ಣ, ಈ ಕಡೆಯಿಂದ ಇಳಿಯೋಕಾಗುತ್ತಾ?" ಅಂದರೆ ಅವರು ನಿಮ್ಮ ಶೂ ನೋಡಿ, ಆಮೇಲೆ ಮುಖ ನೋಡಿ, ಉತ್ತರ ಹೇಳುತ್ತಾರೆ. ಕರಡಿ, ಚಿರತೆ ಓಡಾಡುವ ಗುಡ್ಡಗಳು ಇವು. ಹೊತ್ತು ಮುಳುಗುವ ಮುನ್ನ ರಸ್ತೆಗೆ ಬನ್ನಿ.