ಚಿಂದಿಗೆಷ್ಟು, ಕೈಗೆಷ್ಟು?

ಬೆಂಗಳೂರಿನಲ್ಲಿ ಪೀಣ್ಯದಿಂದ ಮೈಸೂರು ರಸ್ತೆಯವರೆಗೆ ಗಾರ್ಮೆಂಟ್ಸ್‌ಗಳಿಗೆ ಬರವಿಲ್ಲ. ಕಟಿಂಗ್ ಟೇಬಲ್ ಮೇಲೆ ಪದರ ಪದರವಾಗಿ ಬಟ್ಟೆ ಹಾಸಿ ಕತ್ತರಿಸಿದಾಗ ತೋಳು, ಕಾಲರುಗಳ ನಡುವೆ ಉಳಿಯುವ ಚೂರುಗಳೇ ಒಟ್ಟು ಬಟ್ಟೆಯ ಶೇ 10–15ರಷ್ಟಾಗುತ್ತವೆ. ಅವು ಮೂಟೆಗಟ್ಟಲೆ ಚಿಂದಿ ವ್ಯಾಪಾರಿಗಳಿಗೆ ಹೋಗುತ್ತವೆ. ಅಲ್ಲಿಂದ ಗ್ಯಾರೇಜಿಗೆ ಕೈ ಒರೆಸಲು, ದಿಂಬಿಗೆ ತುಂಬಲು. ವಿಜಯನಗರ, ಬಸವೇಶ್ವರನಗರದ ಕೆಲವು ಮನೆಗಳಲ್ಲಿ ಹೆಂಗಸರು ಇಂಥ ಚೂರುಗಳಿಗೆ, ಹಳೆಯ ಸೀರೆಗಳಿಗೆ ದಪ್ಪ ಕ್ರೋಶಾ ಕಡ್ಡಿ ಹಾಕಿ ಕಾಲೊರಸು ಹೆಣೆಯುತ್ತಾರೆ.

ನೋಡಲು ಸಲೀಸು, ಮಾಡಲು ಕೂತರೆ ಗೊತ್ತಾಗುತ್ತದೆ. ಬನಿಯನ್ ಬಟ್ಟೆಯ ಪಟ್ಟಿಯನ್ನು ಎರಡೂ ತುದಿ ಹಿಡಿದು ಜಗ್ಗಿದರೆ ಅಂಚು ತಾನಾಗಿ ಒಳಕ್ಕೆ ಸುರುಳಿಗೊಂಡು ದುಂಡನೆಯ ಹುರಿಯಾಗುತ್ತದೆ. ಸೀರೆಯದು ಹಾಗಲ್ಲ, ಎಳೆ ಬಿಡುತ್ತದೆ; ಪಟ್ಟಿಯನ್ನು ಕೊಂಚ ಅಗಲವಾಗಿಯೇ ಕತ್ತರಿಸಬೇಕು. ಐದೂವರೆ ಮೀಟರ್ ಸೀರೆಯನ್ನು ಮೂರು ಸೆಂ.ಮೀ. ಅಗಲಕ್ಕೆ ಕತ್ತರಿಸಿದರೆ ಹತ್ತಿರ ಹತ್ತಿರ 200 ಮೀಟರ್ ಪಟ್ಟಿ! ಪಟ್ಟಿಗೆ ಪಟ್ಟಿ ಸೇರಿಸಲು ಗಂಟು ಹಾಕುವಂತಿಲ್ಲ, ಕಾಲಿಗೆ ಒತ್ತುತ್ತದೆ. ತುದಿಗಳಲ್ಲಿ ಸಣ್ಣ ಸೀಳು ಮಾಡಿ ಒಂದರೊಳಗೊಂದು ತೂರಿಸಿ ಎಳೆಯಬೇಕು.

ಆಮೇಲೆ ಲೆಕ್ಕ. ದುಂಡು ಕಾಲೊರಸಿನ ಮೊದಲ ಸುತ್ತಿಗೆ ಆರು ಹೆಣಿಗೆ, ಎರಡನೆಯದಕ್ಕೆ 12, ಮೂರನೆಯದಕ್ಕೆ 18. ಸುತ್ತು ಒಂದು ಹೆಣಿಗೆಯಷ್ಟು ಹೊರಗೆ ಸರಿದಾಗ ಪರಿಧಿ ಆರು ಚಿಲ್ಲರೆ ಹೆಣಿಗೆಯಷ್ಟು ಬೆಳೆಯುತ್ತದೆ. ಪೈ ಅಂದರೇನೆಂದು ಕೇಳದೆಯೇ ಕೈ ಅದನ್ನು ಪಾಲಿಸುತ್ತದೆ. ಕಮ್ಮಿ ಹಾಕಿದರೆ ಅಂಚು ಮೇಲೆದ್ದು ಬಾಣಲೆಯಾಯಿತು, ಜಾಸ್ತಿಯಾದರೆ ಸುತ್ತಲೂ ನೆರಿಗೆ. ನಾವು ತಪ್ಪಾಯಿತೆಂದು ಬಿಚ್ಚುವ ಆ ನೆರಿಗೆಯನ್ನೇ ಡೈನಾ ತೈಮಿನಾ ಎಂಬ ಗಣಿತಜ್ಞೆ 1997ರಲ್ಲಿ ಬೇಕೆಂದೇ ಹೆಣೆದರು. ಕಾಗದದಲ್ಲಿ ಮಾಡಿದರೆ ಹರಿದುಹೋಗುತ್ತಿದ್ದ ಹೈಪರ್‌ಬೋಲಿಕ್ ಜ್ಯಾಮಿತಿಯ ಮಾದರಿ ಅವರ ಕ್ರೋಶಾದಲ್ಲಿ ಗಟ್ಟಿಯಾಗಿ ನಿಂತಿತು.

ಇಷ್ಟೆಲ್ಲ ಮಾಡಿ ಮಾರಾಟಕ್ಕಿಟ್ಟರೆ ಬರುವ ಮೊದಲ ಮಾತು, 'ಚಿಂದಿ ಬಟ್ಟೆ ತಾನೇ, ಅಷ್ಟೊಂದಾ?' ಫುಟ್‌ಪಾತಿನ ಯಂತ್ರದ ಮ್ಯಾಟಿನ ರೇಟಿಗೆ ಹೋಲಿಸಿ ಚೌಕಾಸಿ ಬೇರೆ. ಬಟ್ಟೆ ಬಿಟ್ಟಿ ಸಿಕ್ಕಿತೆಂದ ಮೇಲೆ ಎರಡು ಮೂರು ಸಂಜೆಯ ಕೆಲಸವೂ ಬಿಟ್ಟಿ ಎಂದೇ ಎಣಿಕೆ. ಇದರಿಂದ ಊರಿನ ಬಟ್ಟೆ ಕಸ ಕರಗುತ್ತದೆ ಎನ್ನುವ ಹೊಗಳಿಕೆಯೂ ನನಗೆ ಅಷ್ಟಕ್ಕಷ್ಟೆ. ಒಂದು ಕಾರ್ಖಾನೆಯ ಒಂದು ದಿನದ ಮೂಟೆಗಳನ್ನು ಮುಗಿಸಲು ಇಡೀ ಬೀದಿಯ ಹೆಂಗಸರು ಕೂತರೂ ಸಾಲದು.

ಉತ್ತರ ಕರ್ನಾಟಕದ ಕೌದಿಯ ವ್ಯವಹಾರ ಇದಕ್ಕಿಂತ ಚೊಕ್ಕ. ಹಳೆಯ ಸೀರೆ, ಧೋತರ ಮನೆಯವರದು. ಹೊಲಿಯುವವಳು ಅದನ್ನು ಪದರವಾಗಿ ಹಾಸಿ ದಬ್ಬಣ ಹಿಡಿದು ಕೂರುತ್ತಾಳೆ. ಬಟ್ಟೆಯ ಮಾತೇ ಏಳುವುದಿಲ್ಲ, ಕೊಡುವುದೆಲ್ಲ ಕೂಲಿ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ, ಕವಂದಿಯೂ ಹಳೆಯ ಬಟ್ಟೆಯದೇ. ಕ್ರೋಶಾ ನಡುವಿನಿಂದ ಹೊರಕ್ಕೆ ಬೆಳೆದರೆ ಅದು ಅಂಚಿನಿಂದ ಒಳಕ್ಕೆ ಬರುತ್ತದೆ. ಮೂಲೆಗಳಿಗೆ ಬಟ್ಟೆಯ ಹೂ ಇಡದೆ ಕವಂದಿ ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ.

ನಮ್ಮ ಕಾಲೊರಸಿಗೂ ಕೌದಿಯ ಪದ್ಧತಿಯೇ ಲಾಯಕ್ಕು. ಬೀರುವಿನ ಅಡಿಯಲ್ಲಿ ಉಡದ ಸೀರೆ ಯಾರ ಮನೆಯಲ್ಲಿಲ್ಲ? ತಂದುಕೊಟ್ಟು, 'ಮಜೂರಿ ಎಷ್ಟಮ್ಮಾ?' ಎಂದು ಕೇಳಿದರೆ ಆಯಿತು. ರೇಷ್ಮೆ ಮಾತ್ರ ಬೇಡ, ಕಾಲು ಜಾರುತ್ತದೆ.